ಮೇಕೆ ಗಬ್ಬವಾಗಿದೆಯೇ, ಈಯುವ ದಿನ ಹತ್ತಿರವಾಗಿದೆಯೇ: ಹೊಟ್ಟೆಗಿಂತ ಮೊದಲು ನೋಡಬೇಕಾದದ್ದು

ದೀಪಾವಳಿಯ ಬಲಿಪಾಡ್ಯಮಿಯಂದು ಹೋತಕ್ಕೆ ಬಿಟ್ಟ ಮೇಕೆ ಗಬ್ಬ ಕಟ್ಟಿದರೆ ಯುಗಾದಿಯ ಆಸುಪಾಸಿನಲ್ಲಿ ಮರಿ ಹಾಕುತ್ತದೆ. ಕಾರ್ತಿಕ ಶುದ್ಧ ಪಾಡ್ಯದಿಂದ ಚೈತ್ರ ಶುದ್ಧ ಪಾಡ್ಯದವರೆಗೆ ಐದು ಚಾಂದ್ರಮಾಸಗಳು, ಅಂದರೆ ಸುಮಾರು 148 ದಿನಗಳು. ಮೇಕೆಯ ಗಬ್ಬದ ಅವಧಿ ಸರಾಸರಿ 150 ದಿನಗಳು. ಹೆಚ್ಚಿನ ಮೇಕೆಗಳು 145ರಿಂದ 155ನೇ ದಿನದೊಳಗೆ ಈಯುತ್ತವೆ. ಹಬ್ಬದ ಲೆಕ್ಕ ಒದಗದಿದ್ದರೆ ಹುಣ್ಣಿಮೆಯ ಲೆಕ್ಕವೂ ಸಾಕು: ಒಂದು ಹುಣ್ಣಿಮೆಯ ದಿನ ಕೂಡಿದ ಮೇಕೆ, ಅದರ ನಂತರದ ಐದನೆಯ ಹುಣ್ಣಿಮೆಗೆ ಅಥವಾ ಅದಾದ ನಾಲ್ಕೈದು ದಿನಗಳಲ್ಲಿ ಈಯುವ ಸಂಭವ ಹೆಚ್ಚು. ಗೋಡೆಯ ಕ್ಯಾಲೆಂಡರಿನಲ್ಲಿ ಹೋತಕ್ಕೆ ಬಿಟ್ಟ ದಿನದ ಮೇಲೆ ಒಂದು ಗುರುತು ಹಾಕಿಟ್ಟವರಿಗೆ ಈ ಲೇಖನದ ಅರ್ಧ ಭಾಗ ಬೇಕಾಗುವುದೇ ಇಲ್ಲ. ಉದಾಹರಣೆಗೆ ಸೆಪ್ಟೆಂಬರ್ 10ರಂದು ಕೂಡಿದ ಮೇಕೆಗೆ 150 ದಿನ ತುಂಬುವುದು ಫೆಬ್ರವರಿ 7ಕ್ಕೆ. ಫೆಬ್ರವರಿ 2ರಿಂದ 12ರವರೆಗೆ ಅದರ ಮೇಲೆ ಕಣ್ಣಿಟ್ಟಿರಬೇಕು.

ಆದರೆ ಮಂಡ್ಯ, ಮೈಸೂರು ಸೀಮೆಯ ಹೆಚ್ಚಿನ ಮನೆಗಳಲ್ಲಿ ಆ ಗುರುತು ಇರುವುದಿಲ್ಲ. ಹೋತ ಹಿಂಡಿನ ಜೊತೆಯಲ್ಲೇ ಮೇಯುತ್ತದೆ, ನಾಲೆಯ ಏರಿಯ ಮೇಲೆ ನಾಲ್ಕು ಮನೆಯ ಮೇಕೆಗಳು ಒಟ್ಟಿಗೆ ಸೇರುತ್ತವೆ, ಯಾವುದು ಯಾವಾಗ ಕೂಡಿತು ಎಂದು ಯಾರೂ ನೋಡಿರುವುದಿಲ್ಲ. ಆಗ ಎಲ್ಲರೂ ಮೊದಲು ನೋಡುವುದು ಹೊಟ್ಟೆಯನ್ನು. ನನ್ನ ಅನುಭವದಲ್ಲಿ ಹೊಟ್ಟೆಯಷ್ಟು ನಂಬಲಾಗದ ಲಕ್ಷಣ ಇನ್ನೊಂದಿಲ್ಲ. ಅದು ಏಕೆ ಎಂಬುದನ್ನೂ, ಅದರ ಬದಲು ಯಾವುದನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನೂ ಇಲ್ಲಿ ಸಾಧ್ಯವಾದಷ್ಟು ಬಿಡಿಸಿ ಹೇಳುತ್ತೇನೆ.

ಮೊದಲ ಸುಳಿವು ಸಿಗುವುದು ಬೆದೆಯಿಂದ. ಗಬ್ಬವಾಗದ ಮೇಕೆ ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ, ಮತ್ತು ಬೆದೆ ಒಂದರಿಂದ ಎರಡು ದಿನ ಇರುತ್ತದೆ. ಬಿಡದೆ ಅರಚುವುದು, ಬಾಲವನ್ನು ಪಟಪಟನೆ ಆಡಿಸುವುದು, ಮೇವಿನ ಮೇಲೆ ಗಮನವಿಲ್ಲದಿರುವುದು, ಯೋನಿಯ ತುಟಿಗಳು ಕೆಂಪಾಗಿ ಸ್ವಲ್ಪ ಊದಿಕೊಂಡು ಲೋಳೆ ಬರುವುದು, ಬೇರೆ ಮೇಕೆಗಳು ಹತ್ತಿದರೆ ಅಲುಗದೆ ನಿಲ್ಲುವುದು ಇದರ ಗುರುತುಗಳು. ಹೋತಕ್ಕೆ ಬಿಟ್ಟ ಮೇಲೆ 18ರಿಂದ 24ನೇ ದಿನದವರೆಗೆ ಬೆಳಿಗ್ಗೆ ಸಂಜೆ ಗಮನಿಸಿ, ಬೆದೆ ಮರಳದಿದ್ದರೆ ಗಬ್ಬ ಕಟ್ಟಿರಬಹುದು ಎಂದುಕೊಳ್ಳಬಹುದು. 42ನೇ ದಿನದ ಸುಮಾರಿಗೂ ಬರದಿದ್ದರೆ ಆ ಊಹೆ ಇನ್ನಷ್ಟು ಬಲವಾಗುತ್ತದೆ. ಆದರೂ ಅದು ಊಹೆಯೇ. ಸೊರಗಿದ ಮೇಕೆ, ಜಂತುಹುಳುವಿನ ಬಾಧೆಯಿರುವ ಮೇಕೆ, ಎಳೆಯ ಮರಿಗೆ ಹಾಲೂಡಿಸುತ್ತಿರುವ ಮೇಕೆ ಗಬ್ಬವಾಗದಿದ್ದರೂ ಬೆದೆಗೆ ಬಾರದಿರಬಹುದು.

ಇದಕ್ಕಿಂತ ಹೆಚ್ಚು ಮೋಸಗೊಳಿಸುವುದು ಸುಳ್ಳು ಗಬ್ಬ. ಅಂಡಾಶಯದಲ್ಲಿ ಅಂಡ ಬಿಡುಗಡೆಯಾದ ಜಾಗದಲ್ಲಿ ಹಳದಿ ಗಂಟೊಂದು ಬೆಳೆದು, ಗಬ್ಬವನ್ನು ಉಳಿಸುವ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಗಬ್ಬ ಕಟ್ಟದಿದ್ದರೆ ಅದು ಕೆಲವೇ ದಿನಗಳಲ್ಲಿ ಕರಗಿ ಮುಂದಿನ ಬೆದೆಗೆ ದಾರಿ ಬಿಡಬೇಕು. ಕೆಲವೊಮ್ಮೆ ಅದು ಕರಗುವುದೇ ಇಲ್ಲ. ಮರಿಯಿಲ್ಲದಿದ್ದರೂ ಬೆದೆ ನಿಲ್ಲುತ್ತದೆ, ಗರ್ಭಕೋಶದಲ್ಲಿ ನೀರು ತುಂಬುತ್ತದೆ, ಹೊಟ್ಟೆ ಬೆಳೆಯುತ್ತದೆ, ಕೆಲವು ಮೇಕೆಗಳಲ್ಲಿ ಕೆಚ್ಚಲೂ ಸ್ವಲ್ಪ ತುಂಬಿ ಇಳಿಯುತ್ತದೆ. ತಿಂಗಳುಗಳ ನಂತರ ಒಂದು ಬೆಳಿಗ್ಗೆ ರೊಪ್ಪದಲ್ಲಿ ನೀರು ಹರಿದು ನೆಲ ಒದ್ದೆಯಾಗಿರುತ್ತದೆ, ಹೊಟ್ಟೆ ಇಳಿದಿರುತ್ತದೆ, ಮರಿಯೂ ಇಲ್ಲ, ಮಾಸೂ ಇಲ್ಲ. ಮರಿಯನ್ನು ನಾಯಿ ಎಳೆದೊಯ್ದಿರಬೇಕು ಎಂದು ಮನೆಯವರು ತಿಳಿಯುವುದುಂಟು. ಇದಕ್ಕೆ ಪಶುವೈದ್ಯರಲ್ಲಿ ಆ ಗಂಟನ್ನು ಕರಗಿಸುವ ಚುಚ್ಚುಮದ್ದಿದೆ. ಆದರೆ ಅದೇ ಮದ್ದು ನಿಜವಾದ ಗಬ್ಬವನ್ನು ಕೆಡಿಸುತ್ತದೆ, ಏಕೆಂದರೆ ಮೇಕೆಯಲ್ಲಿ ಗಬ್ಬ ಕೊನೆಯ ದಿನದವರೆಗೂ ಆ ಹಳದಿ ಗಂಟನ್ನೇ ನೆಚ್ಚಿಕೊಂಡಿರುತ್ತದೆ. ಆದ್ದರಿಂದ ಸ್ಕ್ಯಾನ್ ಮಾಡಿಸದೆ ಬರಿಯ ಅಂದಾಜಿನ ಮೇಲೆ ಆ ಚುಚ್ಚುಮದ್ದನ್ನು ಹಾಕಿಸಬಾರದು.

ಈಗ ಹೊಟ್ಟೆಯ ವಿಷಯ. ಮೇಕೆಯ ದೊಡ್ಡ ಹೊಟ್ಟೆ, ಅಂದರೆ ಮೇವು ತುಂಬುವ ಮೊದಲ ಜಠರ, ಎಡಭಾಗವನ್ನು ಪೂರ್ತಿ ಆವರಿಸಿರುತ್ತದೆ. ಕಬ್ಬಿನ ಸೋಗೆ, ಹುರುಳಿ ಹೊಟ್ಟು ತಿಂದು ನೀರು ಕುಡಿದು ಬಂದ ಯಾವ ಮೇಕೆಯ ಎಡಹೊಟ್ಟೆಯೂ ದಪ್ಪವಾಗಿಯೇ ಕಾಣುತ್ತದೆ. ಗರ್ಭಕೋಶ ಬೆಳೆಯುತ್ತ ಹೋದಂತೆ ಎಡಗಡೆ ಜಾಗವಿಲ್ಲದೆ ಹೆಚ್ಚಾಗಿ ಬಲಕ್ಕೂ ಕೆಳಕ್ಕೂ ಸರಿಯುತ್ತದೆ. ಹಾಗಾಗಿ ನೋಡಬೇಕಾದದ್ದು ಬೆಳಿಗ್ಗೆ ಮೇವು ಹಾಕುವುದಕ್ಕೆ ಮೊದಲು, ಹಿಂದಿನಿಂದ ನಿಂತು, ಬಲಹೊಟ್ಟೆಯ ಕೆಳಭಾಗವನ್ನು. ನಾಲ್ಕನೇ ತಿಂಗಳಿನಲ್ಲಿ ಕೆಚ್ಚಲಿನ ಮುಂದೆ ಬಲಗಡೆಗೆ ಅಂಗೈಯನ್ನು ಮೃದುವಾಗಿ ಆನಿಸಿ ಸ್ವಲ್ಪ ಹೊತ್ತು ಕಾದರೆ ಮರಿ ಒದೆಯುವುದು ಕೈಗೆ ತಿಳಿಯುತ್ತದೆ. ಒತ್ತಿ ಹುಡುಕುವ ಅಗತ್ಯವಿಲ್ಲ, ಒತ್ತಲೂ ಬಾರದು. ಮೇವು ಕದಲುವಾಗ ಆಗುವ ಗುಡುಗುಡು ನಿಧಾನ ಮತ್ತು ಅಲೆಯಂತೆ. ಮರಿಯ ಒದೆತ ಚುರುಕು, ಒಂದೇ ಜಾಗದಲ್ಲಿ ಕುಟ್ಟಿದಂತೆ. ಎರಡನ್ನೂ ಒಂದೆರಡು ಬಾರಿ ಅನುಭವಿಸಿದ ಕೈ ಮತ್ತೆ ತಪ್ಪುವುದು ಕಡಿಮೆ.

ಸಂತೆಯಲ್ಲಿ ಕೊಳ್ಳುವವರಿಗೆ ಈ ಮಾತು ಇನ್ನೂ ಮುಖ್ಯ. ಬನ್ನೂರಿನಂಥ ಸಂತೆಗಳಲ್ಲಿ ಗಬ್ಬದ ಮೇಕೆಗೆ ಬೆಲೆ ಹೆಚ್ಚು, ಆದ್ದರಿಂದ ಗಬ್ಬ ಎಂಬ ಮಾತೂ ಹೆಚ್ಚು. ಚೆನ್ನಾಗಿ ಮೇಯಿಸಿ ನೀರು ಕುಡಿಸಿ ತಂದ ಮೇಕೆಯ ಹೊಟ್ಟೆಯೂ, ಎರಡು ದಿನ ಹಾಲು ಕರೆಯದೆ ಬಿಟ್ಟ ಮೇಕೆಯ ಕೆಚ್ಚಲೂ ಗಬ್ಬದ ಮೇಕೆಯಂತೆಯೇ ಕಾಣುತ್ತವೆ. ನಾನೂ ಒಮ್ಮೆ ಮೂರು ತಿಂಗಳ ಗಬ್ಬ ಎಂದು ನಂಬಿ ಒಂದು ಮೇಕೆಯನ್ನು ಮನೆಗೆ ತಂದು, ಹದಿನೈದನೇ ದಿನಕ್ಕೆ ಅದು ಬೆದೆಗೆ ಬಂದು ಅರಚಿದ್ದನ್ನು ಕೇಳಿದವನು. ಗಬ್ಬದ ಮೇಕೆಯೂ ಅಪರೂಪಕ್ಕೆ ಬೆದೆಯ ಲಕ್ಷಣ ತೋರುವುದುಂಟು ಎಂದು ಸಮಾಧಾನ ಮಾಡಿಕೊಂಡು ಕಾದೆ. ಮುಂದಿನ 21ನೇ ದಿನ ಅದು ಮತ್ತೆ ಅರಚಿದಾಗ ಸಂಶಯ ಉಳಿಯಲಿಲ್ಲ.

ಖಚಿತವಾಗಿ ತಿಳಿಯಬೇಕೆಂದರೆ ಸ್ಕ್ಯಾನಿಂಗ್ ಎಲ್ಲಕ್ಕಿಂತ ಉತ್ತಮ. ಹೊಟ್ಟೆಯ ಬಲಭಾಗದಲ್ಲಿ, ಕೆಚ್ಚಲಿನ ಪಕ್ಕದ ಕೂದಲಿಲ್ಲದ ಚರ್ಮದ ಮೇಲೆ ಉಪಕರಣವನ್ನಿಟ್ಟು ನೋಡಿದರೆ 30ರಿಂದ 35ನೇ ದಿನದ ನಂತರ ಗಬ್ಬ ಕಾಣುತ್ತದೆ. 45ರಿಂದ 60ನೇ ದಿನದ ನಡುವೆ ನೋಡಿದರೆ ಮರಿ ಒಂದೋ ಎರಡೋ ಎಂಬುದನ್ನೂ ಸಾಮಾನ್ಯವಾಗಿ ಹೇಳಬಹುದು. ಸುಳ್ಳು ಗಬ್ಬವನ್ನು ನಿಜವಾದ ಗಬ್ಬದಿಂದ ಬೇರ್ಪಡಿಸುವುದೂ ಇದರ ದೊಡ್ಡ ಉಪಯೋಗ. ನಿಮ್ಮ ಹತ್ತಿರದ ಪಶು ಆಸ್ಪತ್ರೆಯಲ್ಲಿ ಈ ಯಂತ್ರ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಹಾಸನದ ಪಶುವೈದ್ಯಕೀಯ ಕಾಲೇಜೂ ಮಂಡ್ಯದ ಪಶ್ಚಿಮ ತಾಲ್ಲೂಕುಗಳವರಿಗೆ ಬಹಳ ದೂರವೇನಲ್ಲ. ರಕ್ತದಲ್ಲಿ ಪ್ರೊಜೆಸ್ಟೆರಾನ್ ಅಳೆಯುವ ಪರೀಕ್ಷೆಯೂ ಇದೆ. 21ನೇ ದಿನದ ರಕ್ತದಲ್ಲಿ ಅದರ ಪ್ರಮಾಣ ಕಡಿಮೆ ಇದ್ದರೆ ಗಬ್ಬವಿಲ್ಲ ಎಂಬುದು ನಿಶ್ಚಿತ. ಹೆಚ್ಚಿದ್ದರೆ ಗಬ್ಬವೂ ಇರಬಹುದು, ಸುಳ್ಳು ಗಬ್ಬವೂ ಇರಬಹುದು.

ಔಷಧಿ ಅಂಗಡಿಯಲ್ಲಿ ಹೆಂಗಸರಿಗಾಗಿ ಸಿಗುವ ಗರ್ಭಪರೀಕ್ಷೆಯ ಪಟ್ಟಿಯನ್ನು ಮೇಕೆಯ ಮೂತ್ರಕ್ಕೆ ಅದ್ದಿ ನೋಡುವವರಿದ್ದಾರೆ. ಆ ಪಟ್ಟಿ ಹುಡುಕುವ ಹಾರ್ಮೋನ್ ಮೇಕೆಯಲ್ಲಿ ಉತ್ಪತ್ತಿಯಾಗುವುದಿಲ್ಲವಾದ್ದರಿಂದ ಅದರಿಂದ ಏನೂ ತಿಳಿಯದು. ಪುಣ್ಯಕೋಟಿ ಪರೀಕ್ಷೆ ಎಂಬ ಹೆಸರಿನ ಇನ್ನೊಂದು ವಿಧಾನದಲ್ಲಿ, ನೀರು ಬೆರೆಸಿದ ಮೂತ್ರದಲ್ಲಿ ಗೋಧಿಯ ಕಾಳುಗಳನ್ನು ಇಟ್ಟು, ಅವು ಕಡಿಮೆ ಮೊಳೆತರೆ ಗಬ್ಬ ಎಂದು ತಿಳಿಯುತ್ತಾರೆ. ಇದು ಹಸುಗಳಿಗಾಗಿ ರೂಪುಗೊಂಡದ್ದು, ಖರ್ಚಿಲ್ಲದ್ದು, ಮೇಕೆಗೆ ನೋವಿಲ್ಲದ್ದು. ಮಾಡಿ ನೋಡುವುದರಲ್ಲಿ ತಪ್ಪಿಲ್ಲ. ಆದರೆ ಕಾಳಿನ ಗುಣ, ಬೆರೆಸಿದ ನೀರಿನ ಅಳತೆ ಎಲ್ಲವೂ ಫಲವನ್ನು ಬದಲಿಸುತ್ತವೆಯಾದ್ದರಿಂದ ಮೇಕೆಯನ್ನು ಮಾರುವುದೋ ಉಳಿಸಿಕೊಳ್ಳುವುದೋ ಎಂಬಂಥ ತೀರ್ಮಾನವನ್ನು ಅದರ ಮೇಲೆ ನಿಲ್ಲಿಸಬಾರದು.

ಗಬ್ಬವನ್ನು ಬೇಗ ತಿಳಿಯುವುದರಿಂದ ಆಗುವ ಪ್ರಯೋಜನಗಳು ಕೆಲವೇ, ಆದರೆ ಬಿಡಲಾಗದಂಥವು. ಆಲ್ಬೆಂಡಜೋಲ್ ಎಂಬ ಜಂತುನಾಶಕವನ್ನು ಗಬ್ಬದ ಮೊದಲ ತಿಂಗಳಲ್ಲಿ ಕೊಟ್ಟರೆ ಮರಿಗಳಿಗೆ ಅಂಗದೋಷ ಬರಬಹುದು. ಹಾಲು ಕರೆಯುವ ಮೇಕೆಯಾದರೆ ಈಯುವುದಕ್ಕೆ ಎರಡು ತಿಂಗಳು ಮೊದಲೇ ಕರೆಯುವುದನ್ನು ನಿಲ್ಲಿಸಬೇಕು. ಕರುಳುಬೇನೆಯ ಲಸಿಕೆಯನ್ನು ಈಯುವುದಕ್ಕೆ ನಾಲ್ಕರಿಂದ ಆರು ವಾರ ಮೊದಲು ಪಶುವೈದ್ಯರನ್ನು ಕೇಳಿ ಹಾಕಿಸಿದರೆ ಅದರ ರಕ್ಷಣೆ ಗಿಣ್ಣು ಹಾಲಿನ ಮೂಲಕ ಮರಿಗೂ ದೊರೆಯುತ್ತದೆ.

ಇನ್ನು ಈಯುವ ದಿನ ಹತ್ತಿರವಾಗುವುದನ್ನು ಗುರುತಿಸುವ ಬಗೆ. ಹೆಚ್ಚಿನವರು ನೆಚ್ಚುವುದು ಕೆಚ್ಚಲನ್ನು. ಚೊಚ್ಚಲ ಮೇಕೆಯಲ್ಲಿ ಕೆಚ್ಚಲು ಈಯುವುದಕ್ಕೆ ನಾಲ್ಕರಿಂದ ಆರು ವಾರ ಮೊದಲೇ ಮುಷ್ಟಿಯಷ್ಟಾಗಿ ಕಾಣಿಸಿಕೊಂಡು ನಿಧಾನವಾಗಿ ಬೆಳೆಯುತ್ತದೆ. ಎರಡನೇ, ಮೂರನೇ ಸೂಲಿನ ಮೇಕೆ ಕೊನೆಯ ಎರಡು ವಾರಗಳವರೆಗೆ, ಕೆಲವೊಮ್ಮೆ ಕೊನೆಯ ಎರಡು ದಿನಗಳವರೆಗೂ ಏನನ್ನೂ ತೋರಿಸದೆ ಇದ್ದು, ನಂತರ ಒಮ್ಮೆಲೇ ಕೆಚ್ಚಲು ಇಳಿಸುತ್ತದೆ. ಹೀಗಾಗಿ ಕೆಚ್ಚಲಿನಿಂದ ದಿನವನ್ನು ಲೆಕ್ಕ ಹಾಕಲಾಗದು. ಆದರೆ ಕೆಚ್ಚಲು ಬಿಗಿದು, ಚರ್ಮ ಮಿರುಗಿ, ಮೊಲೆತೊಟ್ಟುಗಳು ತುಂಬಿ ಎರಡು ಕಡೆಗೆ ಚಾಚಿಕೊಂಡರೆ ಸಾಮಾನ್ಯವಾಗಿ ಒಂದೆರಡು ದಿನಗಳ ಮಾತು. ಹಾಲು ಬಂದಿದೆಯೇ ಎಂದು ಹಿಂಡಿ ನೋಡುವ ಅಭ್ಯಾಸ ನಮ್ಮಲ್ಲಿದೆ, ಅದನ್ನು ಬಿಡಬೇಕು. ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಬಿರಡೆಯಿರುತ್ತದೆ. ಹಿಂಡಿದರೆ ಅದು ಕಳಚಿ, ಕೆಚ್ಚಲುಬಾವಿಗೆ ದಾರಿಯಾಗುತ್ತದೆ.

ಇದಕ್ಕಿಂತ ನಿಖರವಾದ ಗುರುತು ಬಾಲದ ಬುಡದಲ್ಲಿದೆ, ಮತ್ತು ಅದನ್ನು ಕಣ್ಣಿನಿಂದಲ್ಲ, ಕೈಯಿಂದ ತಿಳಿಯಬೇಕು. ಮೇಕೆಯ ಬೆನ್ನೆಲುಬಿನ ಮೇಲೆ ಹೆಬ್ಬೆರಳು ಮತ್ತು ತೋರುಬೆರಳನ್ನು ಎರಡು ಪಕ್ಕಕ್ಕಿಟ್ಟು ಸೊಂಟದಿಂದ ಬಾಲದ ಕಡೆಗೆ ನಿಧಾನವಾಗಿ ಸರಿಸುತ್ತ ಹೋಗಿ. ಬಾಲದ ಬುಡಕ್ಕೆ ಸ್ವಲ್ಪ ಮುಂಚೆ, ಬೆನ್ನೆಲುಬಿನ ಎರಡೂ ಬದಿಯಲ್ಲಿ ಪೆನ್ಸಿಲ್ ದಪ್ಪದ ಗಟ್ಟಿ ಹುರಿಗಳು ಕೆಳಗಿನ ಪೃಷ್ಠದ ಎಲುಬಿನತ್ತ ಇಳಿಯುವುದು ಬೆರಳಿಗೆ ತಾಕುತ್ತದೆ. ಇವು ಸೊಂಟದ ಎಲುಬುಗಳನ್ನು ಬಿಗಿದು ಹಿಡಿದಿರುವ ಅಸ್ಥಿಬಂಧಗಳು. ಗಬ್ಬವಿಲ್ಲದ ಮೇಕೆಯಲ್ಲಿ ಅವು ಬಿಗಿದ ಹಗ್ಗದಂತಿರುತ್ತವೆ. ಮರಿ ಹೊರಬರಲು ದಾರಿ ಅಗಲವಾಗಬೇಕಾದ್ದರಿಂದ ಕೊನೆಯ ವಾರಗಳಲ್ಲಿ ಹಾರ್ಮೋನುಗಳ ಪ್ರಭಾವದಿಂದ ಅವು ಮೆತ್ತಗಾಗುತ್ತ ಬಂದು, ಈಯುವುದಕ್ಕೆ ಸುಮಾರು ಒಂದು ದಿನ ಮೊದಲು ಕೈಗೆ ಸಿಗದಂತಾಗುತ್ತವೆ. ಆಗ ಬಾಲದ ಬುಡದಲ್ಲಿ ಬೆನ್ನೆಲುಬನ್ನು ಬೆರಳುಗಳಿಂದ ಬಳಸಿ ಹಿಡಿಯುವಷ್ಟು ಎರಡೂ ಕಡೆ ಗುಂಡಿ ಬೀಳುತ್ತದೆ, ಬಾಲ ಸ್ವಲ್ಪ ಮೇಲೆದ್ದು ಸಡಿಲವಾಗಿ ತೂಗುತ್ತದೆ. ಈ ಪರೀಕ್ಷೆಗೆ ಒಂದೇ ನಿಯಮ: ಕೊನೆಯ ದಿನ ಮೊದಲ ಬಾರಿ ಮುಟ್ಟಿದರೆ ಏನೂ ತಿಳಿಯುವುದಿಲ್ಲ. 130ನೇ ದಿನದಿಂದಲೇ ದಿನಕ್ಕೊಮ್ಮೆ ಮುಟ್ಟಿ ನೋಡುತ್ತ ಬನ್ನಿ, ಪಕ್ಕದಲ್ಲಿರುವ ಗಬ್ಬವಿಲ್ಲದ ಮೇಕೆಯನ್ನೂ ಮುಟ್ಟಿ ಹೋಲಿಸಿ. ಮನೆಯ ಹೆಣ್ಣುಮಕ್ಕಳು ದಿನವೂ ಮೇಕೆಯ ಮೈದಡವುತ್ತಾರೆ. ನಾನು ಕಂಡಂತೆ ಅವರಿಗೆ ಈ ಬದಲಾವಣೆ ಗಂಡಸರಿಗಿಂತ ಒಂದು ದಿನ ಮುಂಚೆಯೇ ತಿಳಿದಿರುತ್ತದೆ.

ಕೊನೆಯ ದಿನದ ನಡವಳಿಕೆಯನ್ನು ಹಿಂಡಿನಲ್ಲಿ ಗುರುತಿಸುವುದು ಕಷ್ಟವೇನಲ್ಲ. ಮೇಕೆ ಹಿಂಡನ್ನು ಬಿಟ್ಟು ಮೂಲೆ ಸೇರುತ್ತದೆ, ಮುಂಗಾಲಿನಿಂದ ನೆಲ ಕೆರೆಯುತ್ತದೆ, ಮಲಗಿ ಎದ್ದು ಮತ್ತೆ ಮಲಗುತ್ತದೆ, ತಿರುಗಿ ತನ್ನ ಪಕ್ಕೆಯನ್ನು ನೋಡಿಕೊಳ್ಳುತ್ತದೆ, ಮರಿಯನ್ನು ಕರೆಯುವ ಮೆಲುದನಿ ತೆಗೆಯುತ್ತದೆ. ಯೋನಿ ಊದಿ, ಉದ್ದವಾಗಿ, ಸಡಿಲವಾಗುತ್ತದೆ. ಬಿಳಿಯ ಲೋಳೆ ಸ್ವಲ್ಪ ಸ್ವಲ್ಪವಾಗಿ ಹಲವು ದಿನ ಬರಬಹುದು. ಅದು ದಪ್ಪ ಎಳೆಯಂತೆ ಜೋತುಬಿದ್ದರೆ ಹೆಚ್ಚಾಗಿ ಕೆಲವು ಗಂಟೆಗಳಷ್ಟೇ ಉಳಿದಿರುತ್ತವೆ. ಒಂಟಿಯಾಗಿರಲು ಬಯಸುವ ಈ ಸ್ವಭಾವವೇ ನಮ್ಮ ಕಡೆ ಅಪಾಯ ತರುತ್ತದೆ: ಮೇಯಲು ಬಿಟ್ಟ ಮೇಕೆ ಮರೆ ಹುಡುಕಿಕೊಂಡು ಕಬ್ಬಿನ ಗದ್ದೆಯೊಳಗೆ ಹೋಗಿ ಈಯುತ್ತದೆ, ಅಲ್ಲಿ ಬೀದಿನಾಯಿಗಳಿರುತ್ತವೆ, ತಿ. ನರಸೀಪುರ ಮತ್ತು ಮಂಡ್ಯದ ಹಲವು ಕಡೆ ಚಿರತೆಯೂ ಇರುತ್ತದೆ. 140 ದಿನ ತುಂಬಿದ ಮೇಕೆಯನ್ನು ಹೊರಗೆ ಅಟ್ಟದೆ ಮನೆಯ ಬಳಿ, ಒಣ ಹುಲ್ಲು ಹಾಸಿದ ಪ್ರತ್ಯೇಕ ಜಾಗದಲ್ಲಿ, ಬಾಗಿಲು ಭದ್ರವಿರುವ ಕಡೆ ಇರಿಸಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಮೇವು ಬಿಡುವುದನ್ನೂ ಈಯುವ ಲಕ್ಷಣವೆಂದೇ ಎಲ್ಲರೂ ಎಣಿಸುತ್ತಾರೆ. ಈಯುವ ದಿನ ಅರ್ಧ ದಿನ ಮೇವು ಮುಟ್ಟದಿರುವುದು ಸಹಜ. ಆದರೆ ದಿನ ತುಂಬುವುದಕ್ಕೆ ಎರಡು-ಮೂರು ವಾರ ಇರುವಾಗಲೇ ಮೇಕೆ ಮೇವು ಬಿಟ್ಟು, ಮಂಕಾಗಿ, ಹಿಂಡಿನಿಂದ ಹಿಂದುಳಿದು, ಹಲ್ಲು ಕಡಿಯುತ್ತ ಮಲಗಿದರೆ ಅದು ಗಬ್ಬದ ನಂಜು. ಮರಿಯ ಬೆಳವಣಿಗೆಯ ಸುಮಾರು ಮುಕ್ಕಾಲು ಪಾಲು ಆಗುವುದು ಕೊನೆಯ ಆರು ವಾರಗಳಲ್ಲಿ. ಅವಳಿ ಮರಿಗಳಿದ್ದರೆ ಹೊಟ್ಟೆಯಲ್ಲಿ ಮೇವಿಗೆ ಜಾಗ ಕಡಿಮೆಯಾಗಿ, ಬೇಕಾದ ಶಕ್ತಿ ಮಾತ್ರ ಹೆಚ್ಚಾಗಿ, ಮೇಕೆ ತನ್ನ ಮೈಯ ಕೊಬ್ಬನ್ನು ಕರಗಿಸತೊಡಗುತ್ತದೆ. ಆ ಕೊಬ್ಬಿನಿಂದ ಹುಟ್ಟುವ ವಸ್ತುಗಳು ರಕ್ತದಲ್ಲಿ ತುಂಬಿ ನಂಜಾಗುತ್ತವೆ. ಉಸಿರಿನಲ್ಲಿ ಸಿಹಿಯಾದ ವಾಸನೆ ಬರುವುದೂ ಉಂಟು. ಈದರೆ ಸರಿಹೋಗುತ್ತದೆ ಎಂದು ಕಾದರೆ ತಾಯಿ, ಮರಿ ಎರಡೂ ಉಳಿಯುವುದಿಲ್ಲ. ಅದೇ ದಿನ ಪಶುವೈದ್ಯರನ್ನು ಕರೆಯಬೇಕು. ಇದನ್ನು ತಡೆಯಲು ಕೊನೆಯ ಆರು ವಾರ ಒಳ್ಳೆಯ ಸೊಪ್ಪಿನ ಜೊತೆಗೆ ಹಿಂಡಿ, ಬೂಸಾ, ಜೋಳದ ನುಚ್ಚನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋಗಬೇಕು. ಪ್ರೀತಿಯಿಂದ ಒಂದೇ ದಿನ ಬಕೆಟ್ಟು ತುಂಬ ಅನ್ನವನ್ನೋ ರಾಗಿ ಗಂಜಿಯನ್ನೋ ಇಡಬಾರದು. ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಅದೇ ಪ್ರಾಣಕ್ಕೆ ಕುತ್ತಾಗುತ್ತದೆ.

ನೋವು ಶುರುವಾದ ಮೇಲೆ ಗಡಿಯಾರ ನೋಡುವುದು ಮುಖ್ಯ. ಚಡಪಡಿಕೆಯ ಮೊದಲ ಹಂತ ಹಲವು ಗಂಟೆಗಳ ಕಾಲ ನಡೆಯಬಹುದು, ಚೊಚ್ಚಲಲ್ಲಿ ಹನ್ನೆರಡು ಗಂಟೆಯವರೆಗೂ ಆಗಬಹುದು. ಆಗ ದೂರದಿಂದ ನೋಡುತ್ತಿದ್ದರೆ ಸಾಕು. ಮಲಗಿ, ಕಾಲು ಚಾಚಿ, ಮುಕ್ಕಿ ಮುಕ್ಕಿ ತಿಣುಕತೊಡಗಿದರೆ ಎರಡನೇ ಹಂತ. ನೀರುಚೀಲ ಕಾಣಿಸಿಕೊಂಡು, ಅದರ ಹಿಂದೆಯೇ ಎರಡು ಮುಂಗಾಲುಗಳೂ ಅವುಗಳ ಮೇಲೆ ಮೂಗೂ ಬಂದರೆ ಎಲ್ಲವೂ ಸರಿಯಾಗಿದೆ ಎಂದರ್ಥ. ಎರಡು ಹಿಂಗಾಲುಗಳು ಜೊತೆಯಾಗಿ ಬಂದರೂ ಮರಿ ಸಾಮಾನ್ಯವಾಗಿ ಹೊರಬರುತ್ತದೆ. ಬರಿಯ ಬಾಲ, ಒಂದೇ ಕಾಲು, ಕಾಲಿಲ್ಲದೆ ತಲೆ, ತಲೆಯಿಲ್ಲದೆ ಮುಂಗಾಲು ಕಂಡರೆ ಮರಿ ಅಡ್ಡ ಸಿಕ್ಕಿಕೊಂಡಿದೆ ಎಂದರ್ಥ. ಜೋರಾಗಿ ತಿಣುಕಲು ತೊಡಗಿ ಅರ್ಧ ಗಂಟೆಯಾದರೂ ಏನೂ ಮುಂದುವರಿಯದಿದ್ದರೆ ಎಳೆದಾಡದೆ ಪಶುವೈದ್ಯರಿಗೆ ಕರೆ ಮಾಡಿ. ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ 1962. ಕಡುಗೆಂಪು ರಕ್ತ ಸುರಿದರೆ, ಅಥವಾ ಕಂದುಬಣ್ಣದ ದುರ್ವಾಸನೆಯ ದ್ರವ ಬಂದರೆ ಅರ್ಧ ಗಂಟೆಯೂ ಕಾಯಬೇಡಿ. ದಿನ ತುಂಬುವ ಮೊದಲೇ ಕಂದು ಹಾಕಿದ್ದರೆ, ಅಂದರೆ ಗಬ್ಬ ಬಿದ್ದುಹೋಗಿದ್ದರೆ, ಬಿದ್ದದ್ದನ್ನು ಬರಿಗೈಯಲ್ಲಿ ಮುಟ್ಟಬಾರದು, ಗರ್ಭಿಣಿಯರು ಹತ್ತಿರ ಹೋಗಬಾರದು. ಕಂದು ರೋಗದಂಥ (ಬ್ರುಸೆಲ್ಲೋಸಿಸ್) ಕೆಲವು ಸೋಂಕುಗಳು ಮನುಷ್ಯರಿಗೂ ತಗಲುತ್ತವೆ.

ಒಂದು ಮರಿ ಬಂದ ಕೂಡಲೇ ಮುಗಿಯಿತೆಂದು ಎದ್ದು ಹೋಗಬೇಡಿ. ಅವಳಿಯ ಎರಡನೇ ಮರಿ ಹೆಚ್ಚಾಗಿ ಅರ್ಧ ಗಂಟೆಯೊಳಗೆ ಬರುತ್ತದೆ. ತಾಯಿಯ ಹಿಂದೆ ನಿಂತು ಕೆಚ್ಚಲಿನ ಮುಂದಿನ ಹೊಟ್ಟೆಯನ್ನು ಎರಡೂ ಕೈಯಿಂದ ಮೃದುವಾಗಿ ಎತ್ತಿ ಬಿಟ್ಟರೆ, ಒಳಗೆ ಮರಿಯಿದ್ದಾಗ ಗಟ್ಟಿಯಾದದ್ದು ಕೈಗೆ ತಾಕುತ್ತದೆ; ಇಲ್ಲದಿದ್ದರೆ ಹೊಟ್ಟೆ ಮೆತ್ತಗೆ ಜೋಲುತ್ತದೆ. ಮರಿಯ ಮೂಗು ಬಾಯಿ ಒರೆಸಿ, ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಬೇಕು. ತಾಯಿಯ ರೋಗನಿರೋಧಕ ಶಕ್ತಿ ಗರ್ಭದಲ್ಲಿ ಮರಿಗೆ ದಾಟುವುದಿಲ್ಲ, ಆ ಹಾಲಿನಿಂದ ಮಾತ್ರ ದೊರೆಯುತ್ತದೆ. ಎರಡು ಕಿಲೋ ತೂಕದ ಮರಿಗೆ ಮೊದಲ ದಿನ ಒಟ್ಟು ಸುಮಾರು 200 ಮಿಲಿಲೀಟರ್ ಬೇಕು. ಮಾಸು ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ತಾನಾಗಿ ಬೀಳುತ್ತದೆ. ಜೋತಾಡುತ್ತಿದೆಯೆಂದು ಅದನ್ನು ಎಳೆಯುವುದಾಗಲಿ, ಅದಕ್ಕೆ ಕಲ್ಲು ಕಟ್ಟುವುದಾಗಲಿ ಕೂಡದು. ಹನ್ನೆರಡು ಗಂಟೆ ಕಳೆದರೂ ಬೀಳದಿದ್ದರೆ ವೈದ್ಯರ ಕೆಲಸ. ಬಿದ್ದ ಮಾಸನ್ನು ನಾಯಿಗಳಿಗೆ ಸಿಗದಂತೆ ಆಳವಾಗಿ ಹೂಳಿ.

ಆಮೇಲೆ ಕ್ಯಾಲೆಂಡರಿನಲ್ಲಿ ಈದ ದಿನವನ್ನು ಬರೆಯುವಾಗ, ಕೆಚ್ಚಲು ಎಷ್ಟು ದಿನ ಮೊದಲು ಇಳಿಯಿತು, ಬಾಲದ ಬುಡದ ಹುರಿಗಳು ಎಷ್ಟು ಗಂಟೆ ಮೊದಲು ಕೈಗೆ ಸಿಗದಂತಾದವು ಎಂಬುದನ್ನೂ ಪಕ್ಕದಲ್ಲಿ ಬರೆದಿಡಿ. ಒಂದು ಮೇಕೆ ಒಂದು ಸೂಲಿನಲ್ಲಿ ತೋರಿದ ಕ್ರಮವನ್ನು ಮುಂದಿನ ಸೂಲಿನಲ್ಲಿಯೂ ಬಹುಮಟ್ಟಿಗೆ ತೋರುತ್ತದೆ.